ಬೆಳ್ಳಿಜುಟ್ಟಿನ ಪಾಲು

ಒಂದು ಗಲ್ಲಿ, ಗಲ್ಲಿಯ ತುದಿಗೆ ಒಂದು ಟೈಲರ್ ಅಂಗಡಿ, ಅಂಗಡಿಯ ಒಳಮೂಲೆಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ನಮ್ಮ ಗುಂಡಿ ಚಿಕ್ಕಮ್ಮ. ಅಂಗಡಿಯಲ್ಲಿ ಹೊಲಿದ ಅಂಗಿಗಳಿಗೆಲ್ಲ ಗುಂಡಿ ತೂರಿಸುವ ಕಾಜಾ ಕಟ್ಟಿ ಗುಂಡಿ ಹಾಕುವುದು ಅವಳ ಕೆಲಸವಾದ್ದರಿಂದ ಆ ಹೆಸರು. ಅಳತೆ ತೆಗೆಯುವವರ ಕೈ, ಕತ್ತರಿ ಹಿಡಿಯುವವರ ಕೈ, ಮಿಷನ್ ತುಳಿಯುವವರ ಕೈ ಎಲ್ಲ ದಾಟಿಕೊಂಡು ಬಂದ ಅಂಗಿ ಕೊನೆಗೆ ಅವಳ ತೊಡೆಯ ಮೇಲೆ ಬಂದು ಮಲಗುತ್ತಿತ್ತು. ತಾನೊಬ್ಬಳು ರಜ ಹಾಕಿದರೆ ಊರಿನ ಗಂಡಸರೆಲ್ಲ ಎದೆ ಬಿಟ್ಟುಕೊಂಡು ಕೆಲಸಕ್ಕೆ ಹೋಗಬೇಕಾಗುತ್ತದೆ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು.

ಕೈ ಎಷ್ಟು ನೇರವೋ ಬುದ್ಧಿ ಅಷ್ಟೇ ಸೊಟ್ಟ. ಅಂಗಡಿಗೆ ಬಂದು ಸುಮ್ಮಸುಮ್ಮನೆ ಕೂಗಾಡಿ ಹೋದ ಗಿರಾಕಿಯ ಅಂಗಿ ಕೈಗೆ ಸಿಕ್ಕಿತೆಂದರೆ ಕುತ್ತಿಗೆಯ ಕಾಜಾವನ್ನು ಒಂದು ನೂಲಿನಷ್ಟು ಚಿಕ್ಕದು ಮಾಡಿಬಿಡುತ್ತಿದ್ದಳು. ನೋಡುವ ಕಣ್ಣಿಗೆ ಯಾವ ಐಬೂ ಇಲ್ಲ. ಆದರೆ ಆ ಮನುಷ್ಯ ಅಂಗಿ ಹರಿದುಹೋಗುವ ತನಕ ಪ್ರತಿ ಬೆಳಿಗ್ಗೆ ಕನ್ನಡಿಯ ಮುಂದೆ ಕತ್ತು ಉದ್ದ ಮಾಡಿಕೊಂಡು ಆ ಒಂದು ಗುಂಡಿಯ ಜತೆ ಕುಸ್ತಿ ಆಡಬೇಕು. ಅಂಗಡಿಯ ಯಜಮಾನರಾದ ಮಾಸ್ತರು ಇದರ ಬಗ್ಗೆ ವಿಚಾರಿಸಿದರೆ, ಕೂಗಾಡುವವರಿಗೆ ಕತ್ತು ಊದುತ್ತದೆ, ಅದಕ್ಕೆ ಟೈಲರ್ ಏನು ಮಾಡುವುದಕ್ಕಾಗುತ್ತದೆ ಎಂದು ಮುಖ ಸಣ್ಣಗೆ ಮಾಡಿಕೊಂಡು ಹೇಳುತ್ತಿದ್ದಳು.

ಅವಳ ಮದುವೆಯೂ ಇಂಥದೇ ಒಂದು ಕಿತಾಪತಿಯಿಂದ ಆದದ್ದು. ಅಂಗಡಿಯ ಎದುರಿನ ಮೆಟ್ಟಿಲ ಕೆಳಗೆ ಬೀಗ ರಿಪೇರಿ ಮಾಡಿಕೊಂಡು ಕೂರುತ್ತಿದ್ದ, ಮಾತಿಗೆ ಬರಗಾಲದ ಹುಡುಗನೊಬ್ಬ ಇವಳ ಕಣ್ಣಿಗೆ ಬಿದ್ದ. ಇವಳು ತನ್ನ ಪೆಟ್ಟಿಗೆಯ ಬೀಗಕ್ಕೆ ತಾನೇ ಮುರಿದ ಸೂಜಿ ತುರುಕಿ, ಬೀಗ ಕೆಟ್ಟಿದೆ ಬನ್ನಿ ಎಂದು ಕರೆದಳು. ಮುಂದಿನ ವಾರವೂ ಕೆಟ್ಟಿತು. ಅದರ ಮುಂದಿನ ವಾರವೂ ಕೆಟ್ಟಿತು. ನಮ್ಮ ಚಿಕ್ಕಪ್ಪ ಇವತ್ತಿಗೂ ಹೇಳುವುದು ಇಷ್ಟೇ: ಬೀಗದೊಳಗೆ ಸೂಜಿ ಯಾಕೆ ಬಂತು ಅನ್ನುವುದು ಎರಡನೇ ಸಲವೇ ತಿಳಿದಿತ್ತು, ಆದರೂ ಮೂರನೇ ಸಲ ತಲೆ ಬಾಚಿಕೊಂಡು ಹೋದೆ.

ಈ ಚಿಕ್ಕಮ್ಮನಿಗೆ ಇಬ್ಬರು ಅಕ್ಕಂದಿರು. ನಡುವಿನವಳು ನಮ್ಮಮ್ಮ. ಹಿರಿಯವಳು ನಮ್ಮ ದೊಡ್ಡಮ್ಮ, ಬಸ್ ಡಿಪೋದಲ್ಲಿ ಟೈಮ್ ಕೀಪರ್. ಕುತ್ತಿಗೆಯಲ್ಲಿ ಸದಾ ಒಂದು ಸೀಟಿ. ಅವಳು ಸೀಟಿ ಊದದೆ ಒಂದು ಬಸ್ಸೂ ಗೇಟು ದಾಟುವ ಹಾಗಿರಲಿಲ್ಲ. ದೊಡ್ಡ ಮೀಸೆಯ ಡ್ರೈವರುಗಳು ಸಹ ಅವಳನ್ನು ಕಂಡರೆ ಬೀಡಿಯನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದರು. ಮದುವೆಯಾಗಲಿಲ್ಲ. ಹೇಳಿದ ಟೈಮಿಗೆ ಸರಿಯಾಗಿ ಹೆಣ್ಣು ನೋಡಲು ಬಂದ ಗಂಡು ಒಬ್ಬನೂ ಸಿಕ್ಕಲಿಲ್ಲ, ಅದಕ್ಕೇ, ಎನ್ನುವುದು ಚಿಕ್ಕಮ್ಮನ ವ್ಯಾಖ್ಯಾನ. ಮೂವರ ತಾಯಿ ನಮ್ಮಜ್ಜಿ ಕೆಲಸಕ್ಕೆ ಹೋಗುತ್ತಿದ್ದ ದಿನಗಳಲ್ಲಿ ಚಿಕ್ಕಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ದೊಡ್ಡಮ್ಮ. ಹೊತ್ತವಳಿಗೆ ಹೊತ್ತ ಮಗುವಿನ ಗುಣ ಚೆನ್ನಾಗಿ ಗೊತ್ತಿರುತ್ತದೆ. ಮೂವರಿಗೂ ಹಣ್ಣು ಹಂಚಿದಾಗ ಚಿಕ್ಕಮ್ಮ ದೊಡ್ಡ ಹಣ್ಣನ್ನು ತಿರುವಿ ಮುರುವಿ ನೋಡಿ, ಅಕ್ಕ ಇದರಲ್ಲಿ ಹುಳ ಇದೆ, ನಿನಗೆ ಬೇಡ, ನಾನೇ ಹೇಗೋ ತಿಂದ್ಕೊಳ್ತೀನಿ ಎಂದು ತ್ಯಾಗದ ಮುಖ ಮಾಡುತ್ತಿದ್ದಳು. ಅಕ್ಕಂದಿರಿಗೆ ಬುದ್ಧಿ ಬರುವಷ್ಟರಲ್ಲಿ ಬಹಳ ಹಣ್ಣು ಖರ್ಚಾಗಿ ಹೋಗಿತ್ತು.

ಇಷ್ಟು ತಿಳಿದಿರಲಿ, ಇನ್ನು ಹುಲ್ಲಿನ ವಿಷಯಕ್ಕೆ ಬರೋಣ.

ಅಜ್ಜಿಯ ಬಾಡಿಗೆ ಮನೆಯ ಹಿತ್ತಿಲಲ್ಲಿ, ಬಚ್ಚಲಿನ ಗೋಡೆಗೆ ಒತ್ತಿಕೊಂಡು ಒಂದು ಹುಲ್ಲಿನ ಪೊದೆ ಇತ್ತು. ಯಾವುದೋ ಪಾರ್ಕಿನ ಮಾಲಿ ಕಿತ್ತೆಸೆದ ಒಂದು ಹಿಡಿ ಬುಡವನ್ನು ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡು ಬಂದು ನೆಟ್ಟದ್ದು. ಹೆಸರು ಗೊತ್ತಿಲ್ಲದ್ದರಿಂದ ಬೆಳ್ಳಿಜುಟ್ಟು ಎಂದು ಅವಳೇ ಕರೆದಳು. ಒಂದು ಸಲ ನೆಟ್ಟರೆ ಮುಗಿಯಿತು, ವರ್ಷ ವರ್ಷವೂ ಅದೇ ಬುಡದಿಂದ ಎದ್ದು ಬರುವ ಜಾತಿ. ಬೇಸಿಗೆಯ ಹೊತ್ತಿಗೆ ಸೊಂಟದೆತ್ತರ, ಮಳೆ ಮುಗಿಯುವ ಹೊತ್ತಿಗೆ ಆಳೆತ್ತರ. ಎಲೆಯ ಉದ್ದಕ್ಕೂ ಬೈತಲೆ ತೆಗೆದ ಹಾಗೆ ನಡುವೆ ಒಂದು ಬಿಳಿ ಗೆರೆ. ಬೆಳೆದ ಎಲೆಗಳೆಲ್ಲ ಕಾರಂಜಿಯ ನೀರಿನಂತೆ ಮೇಲೆದ್ದು ಹೊರಕ್ಕೆ ಬಾಗುತ್ತಿದ್ದವು. ಆಮೇಲೆ ನೆತ್ತಿಯಿಂದ ತೆನೆ ಹೊರಡುತ್ತಿತ್ತು. ಮೊದಲು ಕೆಂಗಂದು, ಬಲಿತಂತೆ ಬೆಳ್ಳಿ. ಸಂಜೆಯ ಬಿಸಿಲು ಅದರ ಹಿಂದೆ ಬಂದು ನಿಂತಾಗ ಬಚ್ಚಲಿನ ಗೋಡೆಯೂ ನೋಡುವ ಹಾಗೆ ಕಾಣುತ್ತಿತ್ತು ಎಂದರೆ ಅದರ ಚೆಲುವು ಎಷ್ಟಿರಬೇಕು ನೀವೇ ಯೋಚಿಸಿ.

ಹೆಚ್ಚು ಸೇವೆ ಬೇಡದ ಗಿಡ. ಬಿಸಿಲು ಬೇಕು, ಕಾಲಡಿಯಲ್ಲಿ ನೀರು ನಿಲ್ಲಬಾರದು, ಗೊಬ್ಬರ ಜಾಸ್ತಿಯಾದರೆ ಸೊಂಟ ಮುರಿದುಕೊಂಡು ಮಲಗಿಬಿಡುತ್ತದೆ. ಚಳಿಯಲ್ಲಿ ಒಣಗಿ ಹುಲ್ಲುಕಡ್ಡಿಯ ಬಣ್ಣಕ್ಕೆ ಬರುತ್ತದೆ, ಆದರೆ ಸತ್ತಿತೆಂದು ಕೀಳುವಂತಿಲ್ಲ. ಚಳಿ ಮುಗಿಯುವ ಮುಂಚೆ, ಹೊಸ ಹಸಿರು ಕಣ್ಣು ಬಿಡುವ ಮುಂಚೆ, ಇಡೀ ಪೊದೆಯನ್ನು ಹಗ್ಗದಲ್ಲಿ ಜಡೆಯಂತೆ ಬಿಗಿದು ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಬೇಕು. ತಡ ಮಾಡಿದರೆ ಹಳೆಯ ಕಡ್ಡಿಯ ಜತೆಗೆ ಹೊಸ ಚಿಗುರಿನ ತಲೆಯೂ ಹೋಗುತ್ತದೆ. ಎಲೆಯ ಅಂಚು ಬ್ಲೇಡಿನಂಥದು. ಅದಕ್ಕೇ ವರ್ಷಕ್ಕೊಮ್ಮೆ ಅಜ್ಜಿ ಈ ಕ್ಷೌರಕ್ಕೆ ಕೂತಾಗ ಪೊದೆಯನ್ನು ತಬ್ಬಿ ಹಿಡಿಯುವುದು ಚಿಕ್ಕಮ್ಮನ ಪಾಲಿಗೇ ಬರುತ್ತಿತ್ತು. ಸೂಜಿಯಿಂದ ಬೆರಳೆಲ್ಲ ಜಡ್ಡುಗಟ್ಟಿರುವವಳಿಗೆ ಹುಲ್ಲು ಏನು ಮಾಡೀತು?

ಹಾಗೆ ತಬ್ಬಿ ಹಿಡಿದು ಹಿಡಿದು ಚಿಕ್ಕಮ್ಮನಿಗೆ ಒಂದು ಗುಟ್ಟು ಗೊತ್ತಾಗಿತ್ತು. ಈ ಹುಲ್ಲಿಗೂ ಗಂಡಸರ ತಲೆಯ ಹಾಗೆಯೇ ವಯಸ್ಸಾದ ಮೇಲೆ ನಡುನೆತ್ತಿ ಬೋಳಾಗುತ್ತದೆ. ಹಸಿರೆಲ್ಲ ವರ್ಷದಿಂದ ವರ್ಷಕ್ಕೆ ಹೊರಗೆ ಹೊರಗೆ ಸರಿದು, ಮೊದಲು ನೆಟ್ಟ ನಡುವಿನ ಬುಡ ಒಣಗಿ ಕೊರಡಾಗುತ್ತದೆ. ಎಲೆ ಬೆಳೆದು ನಿಂತಾಗ ಅದು ಯಾರಿಗೂ ಕಾಣುವುದಿಲ್ಲ. ಕತ್ತರಿಸಿದ ದಿನ ಮಾತ್ರ ಕಾಣುತ್ತದೆ: ಸುತ್ತ ಜೀವ, ನಡುವೆ ಕಟ್ಟಿಗೆ. ಹುಲ್ಲು ಬಳೆ ತೊಟ್ಟುಕೊಂಡಿದೆ ನೋಡು ಎಂದು ಅಜ್ಜಿ ನಗುತ್ತಿದ್ದಳು.

ಅಜ್ಜಿ ತೀರಿಕೊಂಡ ಮೇಲೆ ಮನೆಯ ಮಾಲೀಕರು ಬಂದು, ಹಿತ್ತಿಲಿಗೆ ಸಿಮೆಂಟು ಹಾಕಿಸುವುದಿದೆ, ಬೇಗ ಖಾಲಿ ಮಾಡಿಕೊಡಿ ಎಂದರು. ಮೂವರು ಅಕ್ಕತಂಗಿಯರು ಸೇರಿ ಪಾಲು ಮಾಡಿಕೊಂಡರು. ಮಂಚ ನಮ್ಮಮ್ಮನಿಗೆ, ಗಡಿಯಾರ ದೊಡ್ಡಮ್ಮನಿಗೆ, ಕನ್ನಡಿ ಚಿಕ್ಕಮ್ಮನಿಗೆ. ಪಾತ್ರೆಗಳ ವಿಷಯದಲ್ಲಿ ನೀನು ತಗೋ ನೀನು ತಗೋ ಎಂದು ಉಪಚಾರ ಮಾಡಿ ಅರ್ಧದಷ್ಟು ಅಲ್ಲೇ ಮರೆತು ಬಂದರು. ಜಗಳ ಹುಟ್ಟಿದ್ದು ಹುಲ್ಲಿನ ಮುಂದೆ. ನಮ್ಮಮ್ಮ ಇರುವುದು ಮೂರನೇ ಮಹಡಿ. ಹುಲ್ಲು ಬೇಡ ಎಂದಳು. ಉಳಿದವರು ಇಬ್ಬರು.

ಸರಿಯಾದ ಕಾಲವೇ ಆಗಿತ್ತು. ಚಳಿ ಮುಗಿಯುತ್ತಾ ಬಂದಿತ್ತು, ಚಿಗುರು ಇನ್ನೂ ಒಳಗೇ ಇತ್ತು, ನಡುವೂ ಅಂಚೂ ನೋಡುವುದಕ್ಕೆ ಒಂದೇ ಒಣಕಡ್ಡಿ. ಚಿಕ್ಕಪ್ಪ ಹಾರೆ ಹಾಕಿ ಪೊದೆಯನ್ನು ಮೇಲೆತ್ತಿ ಅಂಗಾತ ಕೆಡವಿದ. ನಾನು ಹಿರಿಯವಳು, ನಡು ನನಗೆ ಎಂದು ದೊಡ್ಡಮ್ಮ ಹೇಳಿದಳು. ಅವಳ ಲೆಕ್ಕಾಚಾರ ಬಹಳ ಸರಳ. ಅಮ್ಮ ತನ್ನ ಕೈಯಾರೆ ನೆಟ್ಟದ್ದು ನಡುವಿನ ಬುಡವನ್ನು. ಸುತ್ತ ಇರುವುದೆಲ್ಲ ಆಮೇಲೆ ತಾನೇ ಹುಟ್ಟಿಕೊಂಡದ್ದು. ಅಮ್ಮನ ಕೈ ಮುಟ್ಟಿದ್ದು ಹಿರಿಮಗಳಿಗೆ ಬರಬೇಕು.

ಆಗ ಚಿಕ್ಕಮ್ಮ, ಬಾಳಿನಲ್ಲಿ ಅಪರೂಪಕ್ಕೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ನಡು ಬೇಡ ಅಕ್ಕ. ಅದು ಸತ್ತಿದೆ. ಅಂಚಿಂದು ತಗೋ."

ದೊಡ್ಡಮ್ಮ ತಂಗಿಯ ಮುಖವನ್ನೇ ನೋಡಿದಳು. ನೋಡಿ, ನಿಧಾನವಾಗಿ ತಲೆಯಾಡಿಸಿದಳು.

"ಹುಳ ಇದೆ ಅಂತ ಯಾಕೆ ಹೇಳ್ಲಿಲ್ಲ ಮತ್ತೆ?"

ನಮ್ಮಮ್ಮನಿಗೆ ನಗು ತಡೆಯಲಾಗಲಿಲ್ಲ. ಚಿಕ್ಕಮ್ಮ ನಿಜ ಅಕ್ಕ, ಆಣೆಗೂ ನಿಜ ಎಂದಳು. ಅವಳು ಆಣೆ ಇಟ್ಟಷ್ಟೂ ದೊಡ್ಡಮ್ಮನಿಗೆ ನಡುವಿನ ಬುಡದ ಬೆಲೆ ಏರುತ್ತಾ ಹೋಯಿತು. ಕೊನೆಗೆ ಚಿಕ್ಕಪ್ಪ ಗರಗಸದಲ್ಲಿ ನಡುವಿನ ಭಾಗವನ್ನು ಬಿಡಿಸಿ ಕೊಟ್ಟ. ಬೀಸುವ ಕಲ್ಲಿನಷ್ಟು ದುಂಡಗೆ, ಅಷ್ಟೇ ಭಾರಕ್ಕೆ ಇದ್ದ ಅದನ್ನು ದೊಡ್ಡಮ್ಮ ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟು, ಬಸ್ಸಿನ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಡಿಪೋ ಕ್ವಾರ್ಟರ್ಸಿಗೆ ಒಯ್ದಳು. ಇದಕ್ಕೆ ಲಗೇಜು ಟಿಕೆಟ್ ಎಂದು ಕೇಳುವ ಗಂಡೆದೆ ಯಾವ ಕಂಡಕ್ಟರಿಗೂ ಇರಲಿಲ್ಲ. ಚಿಕ್ಕಮ್ಮ ಉಳಿದ ಅಂಚಿನ ತುಂಡುಗಳನ್ನು ಗೋಣಿಯಲ್ಲಿ ಕಟ್ಟಿಕೊಂಡು ಬಂದು ತನ್ನ ಮನೆಯ ಹಿಂದೆ ಸಾಲಾಗಿ ನೆಟ್ಟಳು.

ಮುಂದೆ ಏನಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ಬಿಸಿಲೇರುತ್ತಿದ್ದಂತೆ ಚಿಕ್ಕಮ್ಮನ ಸಾಲೆಲ್ಲ ಹಸಿರು ಸೂಜಿ ಚುಚ್ಚಿದ ಹಾಗೆ ಎದ್ದು ನಿಂತಿತು. ದೊಡ್ಡಮ್ಮನ ಹಿತ್ತಿಲಲ್ಲಿ ಕೊರಡು ಕೊರಡಾಗಿಯೇ ಕೂತಿತು. ಅವಳು ನೀರು ಹಾಕಿದಳು. ಗೊಬ್ಬರ ಹಾಕಿದಳು. ಡಿಪೋದ ಮೆಕ್ಯಾನಿಕ್ ಒಬ್ಬ ಹೇಳಿದನೆಂದು ಬೂದಿ ಹಾಕಿದಳು. ಆಮೇಲೆ ತಂಗಿಯ ಹಿತ್ತಿಲನ್ನು ಒಮ್ಮೆ ಬಂದು ನೋಡಿದಳು. ನೋಡಿ, ಒಂದೇ ಮಾತು ಕೇಳಿದಳು.

"ನನಗೆ ಕೊಡೋ ಮುಂಚೆ ಬುಡಕ್ಕೆ ಬಿಸಿನೀರು ಹಾಕಿದ್ದೆ ಅಲ್ವಾ?"

ಚಿಕ್ಕಮ್ಮನಿಗೆ ಉತ್ತರ ಹೊರಡಲಿಲ್ಲ. ಸುಳ್ಳಾಗಿದ್ದರೆ ಹತ್ತು ಉತ್ತರ ತಯಾರಿರುತ್ತಿದ್ದವು. ಬಾಯಿ ಕಟ್ಟಿದ ಅವಳನ್ನು ನೋಡಿ, ಕಳ್ಳಿ ಸಿಕ್ಕಿಬಿದ್ದಳು ಎಂದೇ ದೊಡ್ಡಮ್ಮ ತಿಳಿದಳು. ಅವತ್ತಿನಿಂದ ಅಕ್ಕನಿಗೂ ತಂಗಿಗೂ ಮಾತಿಲ್ಲ. ಏನಾದರೂ ಹೇಳುವುದಿದ್ದರೆ ನಮ್ಮಮ್ಮನ ಮುಖಾಂತರ. ಅವಳಿಗೆ ಹೇಳು, ಇವಳಿಗೆ ಹೇಳು ಎಂದು ನಮ್ಮಮ್ಮನ ಚಪ್ಪಲಿ ಸವೆಯಿತು. ಚಿಕ್ಕಮ್ಮ ತನ್ನ ಸಾಲಿನಿಂದ ಒಂದು ಒಳ್ಳೆಯ ಬುಡ ಕಿತ್ತು ಕಳಿಸಿದರೆ, ಅಂಚಿನದು ನನಗೆ ಬೇಡ ಎಂದು ದೊಡ್ಡಮ್ಮ ಹಾಗೇ ವಾಪಸು ಕಳಿಸಿದಳು. ಮೂರು ಮಹಡಿ ಹತ್ತಿ ಇಳಿಯುವ ನಮ್ಮಮ್ಮ ಹುಲ್ಲಿನ ಬುಡವನ್ನು ಸಂಧಾನದ ರಾಯಭಾರಿಯಂತೆ ಚೀಲದಲ್ಲಿ ಹೊತ್ತು ತಿರುಗಿದ್ದೇ ಬಂತು.

ಚಿಕ್ಕಮ್ಮ ಮಂಕಾದಳು. ಅದು ಮೊದಲು ಗೊತ್ತಾದದ್ದು ಮಾಸ್ತರಿಗೆ. ಅಂಗಡಿಯಲ್ಲಿ ಕಾಜಾಗಳೆಲ್ಲ ಸರಿಯಾಗಿ ಬರತೊಡಗಿದವು. ಎಂಥ ಕೂಗುಮಾರಿ ಗಿರಾಕಿಯ ಗುಂಡಿಯೂ ಬೆಣ್ಣೆಯಂತೆ ಒಳಗೆ ಹೋಗಿ ಬರುತ್ತಿತ್ತು. ಒಂದು ದೂರಿಲ್ಲ. ಮಾಸ್ತರು ಗಾಬರಿಯಾಗಿ, ಮೈಯಲ್ಲಿ ಹುಷಾರಿಲ್ಲವೇನಮ್ಮಾ, ಬೇಕಾದರೆ ಎರಡು ದಿನ ರಜ ತಗೋ ಎಂದರು. ಮನೆಯಲ್ಲಿ ಚಿಕ್ಕಪ್ಪನಿಗೂ ಕಷ್ಟವಾಯಿತು. ಅವನ ಚಪ್ಪಲಿ ಅದಲು ಬದಲಾಗುವುದು ನಿಂತಿತು, ಕನ್ನಡಕ ಇಟ್ಟ ಜಾಗದಲ್ಲೇ ಸಿಗತೊಡಗಿತು. ಮನೆ ಬಣಬಣ ಎನ್ನುತ್ತಿದೆ ಎಂದು ಆ ಮಾತಾಡದ ಮನುಷ್ಯ ನಮ್ಮಮ್ಮನ ಹತ್ತಿರ ಬಂದು ಹೇಳಿಕೊಂಡ.

ನಮ್ಮಮ್ಮ ಇನ್ನೊಂದು ಸುದ್ದಿ ತಂದಳು. ದೊಡ್ಡಮ್ಮ ಡ್ಯೂಟಿ ಮುಗಿಸಿ ಬಂದವಳು ಯೂನಿಫಾರಂ ಕೂಡ ತೆಗೆಯದೆ ಆ ಕೊರಡಿನ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಾಳಂತೆ. ಒಂದು ದಿನ ನಮ್ಮಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳಂತೆ: ಹುಲ್ಲಿನ ಹತ್ತಿರ ಮೆಲ್ಲಗೆ, ನಾನೇನು ತಪ್ಪು ಮಾಡಿದೆ ಅಮ್ಮಾ ಎಂದು ಕೇಳುತ್ತಿದ್ದಳಂತೆ.

ಇದನ್ನು ಕೇಳಿದ ಚಿಕ್ಕಮ್ಮ ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟಳು. ಬಹಳ ದಿನದ ಮೇಲೆ ಅವಳ ಕಣ್ಣಿನ ತುದಿ ಸಣ್ಣಗಾಯಿತು. ನಮ್ಮಮ್ಮನಿಗೆ ಆ ಕಣ್ಣು ಗೊತ್ತು. ಬೇಡ ಕಣೇ ಎಂದಳು, ಏನು ಎಂದು ಕೇಳುವ ಮೊದಲೇ.

ಟೈಲರ್ ಅಂಗಡಿಯಲ್ಲಿ ರಫು ಮಾಡುವುದು ಎಂದಿದೆ. ಬಟ್ಟೆಗೆ ತೂತು ಬಿದ್ದರೆ, ಅದೇ ಬಟ್ಟೆಯ ಒಳಮಡಿಕೆಯಿಂದ ನೂಲು ಎಳೆದು ಅದರಲ್ಲೇ ತೂತು ಮುಚ್ಚುವ ಹಾಗೆ ನೇಯುವುದು. ಚೆನ್ನಾಗಿ ಮಾಡಿದರೆ ಬಟ್ಟೆಗೇ ತನಗೆ ತೂತಾಗಿತ್ತೆಂದು ಗೊತ್ತಾಗಬಾರದು. ಸತ್ತ ಕೊರಡಿಗೆ ಅದೇ ಹುಲ್ಲಿನ ಜೀವ ಸೇರಿಸಿ ರಫು ಮಾಡುವುದು ಚಿಕ್ಕಮ್ಮನ ಯೋಚನೆ. ಕೊಟ್ಟರೆ ಅಕ್ಕ ತಗೊಳ್ಳುವುದಿಲ್ಲ. ಹಾಗಾದರೆ ಕೊಡದೆ ಕೊಡಬೇಕು.

ಮೊದಲ ಸಲ ಕೆಲಸ ಕೆಟ್ಟಿತು. ದೊಡ್ಡಮ್ಮ ಡ್ಯೂಟಿಯಲ್ಲಿದ್ದಾಗ ಹಿತ್ತಿಲ ಗೋಡೆ ಹತ್ತಿ ಇಳಿದು, ಕೊರಡಿನ ಪಕ್ಕಕ್ಕೆ ಒಂದು ಹಸಿರು ಚಿಗುರನ್ನು ನೆಟ್ಟು ಬಂದಳು. ಸೀರೆ ಹರಿಯಿತು, ಮೊಣಕೈ ತರಚಿತು, ಆದರೆ ಮುಖ ಹಬ್ಬದಂತಿತ್ತು. ಸಂಜೆ ನಮ್ಮಮ್ಮ ಏನೂ ತಿಳಿಯದವಳ ಹಾಗೆ ಹುಲ್ಲು ಹೇಗಿದೆ ಅಕ್ಕ ಎಂದು ವಿಚಾರಿಸಲು ಹೋದಳು. ಹಾಗೇ ಇದೆ, ಪಕ್ಕದಲ್ಲಿ ಯಾವುದೋ ಕಳೆ ಎದ್ದಿತ್ತು, ಕಿತ್ತು ರೋಡಿಗೆಸೆದೆ ಎಂದಳು ದೊಡ್ಡಮ್ಮ. ಅವಳು ಜೀವಕ್ಕಾಗಿ ಕಾಯುತ್ತಿದ್ದದ್ದು ನಟ್ಟನಡುವಿನಲ್ಲಿ. ಅಂಚಿನಲ್ಲಿ ಸಾಕ್ಷಾತ್ ಕಲ್ಪವೃಕ್ಷ ಎದ್ದರೂ ಅದು ಅವಳಿಗೆ ಕಳೆಯೇ.

ಅಷ್ಟರಲ್ಲಿ ಮಳೆ ಬಂತು, ಹೋಯಿತು. ಚಿಕ್ಕಮ್ಮನ ಸಾಲಿನಲ್ಲಿ ತೆನೆಗಳು ಬೆಳ್ಳಗಾದವು, ಒಣಗಿದವು. ಮತ್ತೆ ಚಳಿ ಮುಗಿಯುವ ಕಾಲ. ಈ ಸಲ ಅವಳು ಚಿಗುರಿಗೆ ಕೈ ಹಾಕಲಿಲ್ಲ. ಬುಡ ಅಗೆದು, ಮಣ್ಣೊಳಗೆ ಇನ್ನೂ ಕಣ್ಣು ಬಿಡದೆ ಮಲಗಿದ್ದ, ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ ಮೊಳಕೆಗಳನ್ನು ಬೇರು ಸಮೇತ ಬಿಡಿಸಿದಳು. ಒದ್ದೆ ಬಟ್ಟೆಯಲ್ಲಿ ಸುತ್ತಿದಳು. ಆಮೇಲೆ ಚಿಕ್ಕಪ್ಪನ ಕೈ ಬೈರಿಗೆ ಕೇಳಿದಳು. ಅವನು ಯಾಕೆ ಎಂದ. ಕೊರಡಿನ ನಡುವೆ ತೂತು ಕೊರೆಯಬೇಕು ಎಂದಳು. ಅವನು, ಬೀಗಕ್ಕೆ ತೂತು ಕೊರೆದರೆ ಕೀಲಿಕೈಗೆ ಜಾಗ ಆಗುತ್ತದೆ, ಹುಲ್ಲಿಗೆ ಕೊರೆದರೆ ಜೈಲಿಗೆ ಜಾಗ ಆಗುತ್ತದೆ ಎಂದು ಹೇಳಿ, ಬೈರಿಗೆಗೆ ಎಣ್ಣೆ ಬಿಟ್ಟು ಕೊಟ್ಟ.

ಗೋಡೆ ಹತ್ತುವ ಹಾಗಿರಲಿಲ್ಲ. ಕಳೆದ ಸಲದ ಗೋಡೆಯನ್ನು ಮೊಣಕೈ ಇನ್ನೂ ಮರೆತಿರಲಿಲ್ಲ. ಆದ್ದರಿಂದ ದೊಡ್ಡಮ್ಮನ ವಾರದ ರಜೆಯ ದಿನ, ಮಧ್ಯಾಹ್ನ, ನಮ್ಮಮ್ಮ ಅವಳ ಮನೆಗೆ ಹೋಗುವುದು, ನೀರು ಕುಡಿಯುವ ನೆವದಲ್ಲಿ ಹಿತ್ತಿಲಿನಿಂದ ರೋಡಿಗೆ ತೆರೆಯುವ ಬಾಗಿಲಿನ ಒಳಚಿಲಕ ತೆಗೆಯುವುದು, ಆಮೇಲೆ ಮುಂದಿನ ಕೋಣೆಯಲ್ಲಿ ಅಕ್ಕನನ್ನು ಮಾತಿನಲ್ಲಿ ಕಟ್ಟಿಹಾಕುವುದು ಎಂದು ತೀರ್ಮಾನವಾಯಿತು. ನಮ್ಮಮ್ಮ ಸುಳ್ಳಿನ ವಿಷಯದಲ್ಲಿ ಬಹಳ ಬಡವಿ. ಚಿಲಕವೇನೋ ತೆಗೆದಳು. ಆದರೆ ಕುರ್ಚಿಯಲ್ಲಿ ಕೂತ ಮೇಲೆ ಮಾತಿಗೆ ತಡಕಾಡಿದಳು. ಬಿಸಿಲು ಜಾಸ್ತಿ ಎಂದಳು. ಹೌದು ಎಂದಳು ದೊಡ್ಡಮ್ಮ. ಗಡಿಯಾರ ಚೆನ್ನಾಗಿ ನಡೆಯುತ್ತಿದೆಯಾ ಎಂದಳು. ನಡೆಯುತ್ತಿದೆ ಎಂದಳು ದೊಡ್ಡಮ್ಮ, ಎದ್ದು ಹಿತ್ತಿಲ ಕಡೆ ಹೊರಟಳು. ಆಗ ನಮ್ಮಮ್ಮನ ಬಾಯಿಂದ ದೇವರು ನುಡಿಸಿದ ಹಾಗೆ ಒಂದು ಪ್ರಶ್ನೆ ಬಂತು: ಅಕ್ಕ, ಈ ಬಸ್ಸುಗಳ ಟೈಮನ್ನೆಲ್ಲ ಹೇಗೆ ನೆನಪಿಟ್ಟುಕೊಳ್ಳುತ್ತೀಯ?

ಯಾರೂ ಯಾವತ್ತೂ ಕೇಳದ ಪ್ರಶ್ನೆ. ದೊಡ್ಡಮ್ಮ ನಿಂತಳು, ವಾಪಸು ಬಂದಳು, ಕೂತಳು. ಮೊದಲನೇ ನಂಬರಿನ ಬಸ್ಸಿನಿಂದ ಶುರು ಮಾಡಿದಳು.

ಇತ್ತ ಹಿತ್ತಿಲಲ್ಲಿ ಚಿಕ್ಕಮ್ಮ ಕೊರಡಿನ ಮುಂದೆ ಕಾಲು ಚಾಚಿ ಕೂತು, ಅಂಗಡಿಯ ಸ್ಟೂಲಿನ ಮೇಲೆ ಕೂತಷ್ಟೇ ನೆಮ್ಮದಿಯಿಂದ ಬೈರಿಗೆ ತಿರುಗಿಸುತ್ತಿದ್ದಳು. ಕೊರಡು ಗಟ್ಟಿ. ಸ್ವಲ್ಪ ಸ್ವಲ್ಪವೇ ಪುಡಿ ಬಂತು. ಕೆಳಗಿನ ಮಣ್ಣು ಸಿಗುವವರೆಗೆ ಕೊರೆದು, ತೂತನ್ನು ಚಾಕುವಿನಿಂದ ಅಗಲ ಮಾಡಿ, ಒಳಗೆ ತನ್ನ ಹಿತ್ತಿಲ ಮಣ್ಣು ತುಂಬಿ, ಮೊಳಕೆಗಳನ್ನು ಬೇರು ಕೆಳಗೆ ಮಾಡಿ ಇಳಿಸಿದಳು. ಮೇಲೆ ಅದೇ ಕೊರಡಿನ ಪುಡಿ ಉದುರಿಸಿ, ಬೆರಳಿನಿಂದ ಸವರಿ, ಅಲ್ಲೊಂದು ಇಲ್ಲೊಂದು ಒಣಕಡ್ಡಿ ಚುಚ್ಚಿ, ತಲೆ ವಾರೆ ಮಾಡಿ ನೋಡಿದಳು. ಅವಳ ಜೀವಮಾನದ ಅತ್ಯುತ್ತಮ ಕಾಜಾ ಅದು. ಬಾಗಿಲು ಮುಂದೆ ಮಾಡಿಕೊಂಡು ಹೊರಟುಹೋದಳು. ಒಳಗೆ ನಮ್ಮಮ್ಮ ಮಾತ್ರ ಏಳುವ ಹಾಗಿರಲಿಲ್ಲ. ದೊಡ್ಡಮ್ಮ ಇನ್ನೂ ಬೆಳಗಿನ ಬಸ್ಸುಗಳಲ್ಲೇ ಇದ್ದಳು. ಆ ಊರಿನ ಕೊನೆಯ ಬಸ್ಸು ಗೇಟು ದಾಟಿದ ಮೇಲೆಯೇ ನಮ್ಮಮ್ಮ ಮನೆ ಸೇರಿದ್ದು, ಅದೂ ತಲೆನೋವಿಗೆ ಬಟ್ಟೆ ಕಟ್ಟಿಕೊಂಡು.

ನೀರು ಹಾಕುವ ಕೆಲಸ ದೊಡ್ಡಮ್ಮನದೇ. ಚಿಕ್ಕಮ್ಮ ಕಾದಳು. ತನ್ನ ಸಾಲಿನಲ್ಲಿ ಹಸಿರು ಎದ್ದಿತು. ಇಲ್ಲಿ ಎದ್ದಿದ್ದರೆ ಅಲ್ಲಿಯೂ ಏಳಬೇಕು. ಎದ್ದಿಲ್ಲವಾದರೆ? ಅಥವಾ ಎದ್ದದ್ದನ್ನು ಅಕ್ಕ ಮತ್ತೆ ಕಳೆ ಎಂದು ಕಿತ್ತಿದ್ದರೆ? ಅಥವಾ ಅನುಮಾನ ಬಂದು ಕೊರಡನ್ನು ಎತ್ತಿ ನೋಡಿದ್ದರೆ? ಹಾಗಾದರೆ ಈ ಜನ್ಮಕ್ಕೆ ಅಕ್ಕ ಇಲ್ಲ.

ಒಂದು ಬೆಳಿಗ್ಗೆ ಟೈಲರ್ ಅಂಗಡಿಗೆ ಗುಂಡಿ ಹಾಕಿಸಲು ಬಂದ ಕಂಡಕ್ಟರ್ ಒಬ್ಬ ವಿಚಿತ್ರ ಸುದ್ದಿ ಹೇಳಿದ. ಇವತ್ತು ಡಿಪೋದಿಂದ ಒಂದು ಬಸ್ಸೂ ಟೈಮಿಗೆ ಹೊರಡಲಿಲ್ಲವಂತೆ. ಟೈಮ್ ಕೀಪರ್ ಅಕ್ಕನೇ ತಡವಾಗಿ ಬಂದರಂತೆ. ಬಂದವರು ಯಾರನ್ನೂ ಬೈಯಲಿಲ್ಲವಂತೆ. ಡ್ರೈವರುಗಳೆಲ್ಲ ತಮ್ಮ ತಮ್ಮ ವಾಚನ್ನು ಕಿವಿಗೆ ಹಿಡಿದು ನೋಡಿಕೊಂಡರಂತೆ. ಚಿಕ್ಕಮ್ಮ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡು ಕೇಳಿಸಿಕೊಂಡಳು. ಅವನ ಗುಂಡಿಯನ್ನು ಎರಡು ಸಲ ತಪ್ಪು ಜಾಗಕ್ಕೆ ಹಾಕಿ ಬಿಚ್ಚಿದಳು.

ಮಧ್ಯಾಹ್ನ ದೊಡ್ಡಮ್ಮ ಬಂದಳು. ಯೂನಿಫಾರಂನಲ್ಲಿ, ಕುತ್ತಿಗೆಯಲ್ಲಿ ಸೀಟಿಯ ಸಮೇತ, ಅಂಗಡಿಯ ಬಾಗಿಲಿಗೆ ಅಡ್ಡ ನಿಂತಳು. ಮಿಷನ್ ತುಳಿಯುತ್ತಿದ್ದ ಕಾಲುಗಳು ನಿಂತವು. ಒಂದು ವರ್ಷದ ಮೇಲೆ ಮೊದಲನೇ ಮಾತು.

"ನಡು ಬಂದಿದೆ ಕಣೇ."

"ಏನಕ್ಕ?" ಎಂದಳು ಚಿಕ್ಕಮ್ಮ, ಸೂಜಿ ಕೈಗೆ ತೆಗೆದುಕೊಂಡು.

"ಹುಲ್ಲು. ನಟ್ಟನಡುವಿಂದ ಬಂದಿದೆ. ಅಂಚಲ್ಲಿ ಒಂದೂ ಇಲ್ಲ, ಎಲ್ಲ ನಡುವಲ್ಲೇ. ಸತ್ತಿದೆ ಅಂದಿದ್ದೆ ಅಲ್ವಾ ನೀನು?"

ಈಗ ನೋಡಿ ಚಿಕ್ಕಮ್ಮನ ಸಂಕಟ. ಅವಳು ಹೇಳಿದ್ದ ಒಂದೇ ಒಂದು ನಿಜ ಅದು. ಅದನ್ನು ಹಿಡಿದುಕೊಂಡು ನಿಂತರೆ, ಹಾಗಾದರೆ ಸತ್ತದ್ದು ಹೇಗೆ ಎದ್ದಿತು ಎಂದು ಅಕ್ಕ ಯೋಚನೆ ಮಾಡುತ್ತಾಳೆ. ಟೈಮ್ ಕೀಪರ್ ಯೋಚನೆ ಮಾಡಿದರೆ ಕೊರಡನ್ನು ಎತ್ತಿ ನೋಡದೆ ಬಿಡುವುದಿಲ್ಲ. ಅಂಗಡಿಯವರೆಲ್ಲ ನೋಡುತ್ತಿದ್ದರು. ಮಾಸ್ತರು ಕತ್ತರಿ ಬಿಚ್ಚಿದ್ದವರು ಹಾಗೇ ಹಿಡಿದಿದ್ದರು. ಚಿಕ್ಕಮ್ಮ ತಲೆ ತಗ್ಗಿಸಿದಳು.

"ಸುಳ್ಳು ಹೇಳಿದ್ದೆ ಅಕ್ಕ. ನಡು ನನಗೇ ಬೇಕಿತ್ತು."

ದೊಡ್ಡಮ್ಮ ಉಸಿರು ಬಿಟ್ಟಳು. ವರ್ಷವಿಡೀ ಎದೆಯಲ್ಲಿಟ್ಟುಕೊಂಡಿದ್ದ ಉಸಿರಿರಬೇಕು, ಬಹಳ ಹೊತ್ತು ಬಂತು.

"ನಂಗೊತ್ತಿತ್ತು," ಎಂದಳು. ಆಮೇಲೆ ಹತ್ತಿರ ಬಂದು ತಂಗಿಯ ತಲೆಯ ಮೇಲೆ ಕೈಯಿಟ್ಟಳು. "ಬಾಯಿ ಬಿಟ್ಟು ಕೇಳಿದ್ರೆ ನಾನು ಕೊಡ್ತಿರಲಿಲ್ವೇನೇ, ಮಂಗ?"

ಊರಿಗೆಲ್ಲ ಟೋಪಿ ಹಾಕಿದ ನಮ್ಮ ಚಿಕ್ಕಮ್ಮ ಅಂಗಡಿಯ ನಡುವೆ, ಯಾರದೋ ಹೊಸ ಅಂಗಿಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ತಪ್ಪೊಪ್ಪಿಕೊಂಡು ಅಳುತ್ತಿದ್ದಾಳೆ ಪಾಪ ಎಂದು ಎಲ್ಲರೂ ತಿಳಿದರು. ದೊಡ್ಡಮ್ಮನೂ ಕರಗಿ, ಬಿಸಿನೀರಿನ ಮಾತು ಆಡಬಾರದಿತ್ತು ಎಂದು ಒಪ್ಪಿಕೊಂಡಳು. ಒಪ್ಪಿಕೊಂಡವಳು ಅಷ್ಟಕ್ಕೆ ನಿಲ್ಲಲಿಲ್ಲ. ನೀನು ಹಾಕಿದ್ದರೂ ಅದು ಸಾಯುತ್ತಿರಲಿಲ್ಲ ಬಿಡು, ಅಮ್ಮ ನೆಟ್ಟದ್ದು, ನಿನ್ನ ಬಿಸಿನೀರಿಗೆಲ್ಲ ಹೆದರುವ ಜಾತಿಯಲ್ಲ ಎಂದಳು. ಆ ಹೊಸ ಅಂಗಿಯ ಯಜಮಾನನಿಗೆ ಕಾಲರು ಯಾಕೆ ಉಪ್ಪುಪ್ಪಾಗಿದೆ ಎನ್ನುವುದು ಕೊನೆಗೂ ತಿಳಿಯಲಿಲ್ಲ. ಮುಂದಿನ ವಾರದಿಂದ ಕುತ್ತಿಗೆಯ ಕಾಜಾಗಳ ಬಗ್ಗೆ ದೂರು ಬರತೊಡಗಿದವು. ಮಾಸ್ತರು ಸಮಾಧಾನದಿಂದ ಬೈಯತೊಡಗಿದರು.

ಅಲ್ಲಿಂದ ಮುಂದೆ ದೊಡ್ಡಮ್ಮನ ದರ್ಬಾರು. ಡಿಪೋ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಬೆಳ್ಳಿಜುಟ್ಟು ಬುಡ ಕಟ್ಟಿತು, ಆಳೆತ್ತರ ಬೆಳೆಯಿತು, ತೆನೆ ಬಿಟ್ಟಿತು. ಬಂದವರಿಗೆಲ್ಲ ಅದರ ಕಥೆ. ಹುಲ್ಲಿನ ಜೀವ ಇರುವುದು ನಡುವಿನಲ್ಲಿ, ಅಂಚಿನದೆಲ್ಲ ಬರೀ ವೇಷ, ವರ್ಷವಿಡೀ ಸುಮ್ಮನಿದ್ದು ಆಮೇಲೆ ಏಳುವುದೇ ಒಳ್ಳೆಯ ಬುಡದ ಲಕ್ಷಣ, ಇತ್ಯಾದಿ. ಡ್ರೈವರುಗಳು ಬೀಡಿ ಬಚ್ಚಿಟ್ಟುಕೊಂಡು ಕೇಳಿದರು. ಅವಳ ಮಾತು ನಂಬಿ ಇಬ್ಬರು ಮೂವರು ತಮ್ಮ ಮನೆಯ ಹುಲ್ಲಿನ ಅಂಚನ್ನೆಲ್ಲ ಕಿತ್ತು ಬಿಸಾಡಿ ನಡುವನ್ನು ಉಳಿಸಿಕೊಂಡು ಕೂತರಂತೆ. ಆ ಪಾಪ ಯಾರ ತಲೆಗೆ ಎಂದು ನಮ್ಮಮ್ಮ ಕೇಳಿದರೆ, ನನ್ನ ತಲೆಗೇ ಇರಲಿ, ಅಲ್ಲಿ ಜಾಗ ಇದೆ ಎಂದಳು ಚಿಕ್ಕಮ್ಮ. ಆಮೇಲೆ ಆ ಡ್ರೈವರುಗಳು ಗುಂಡಿ ಹಾಕಿಸಲು ಬಂದಾಗ ಒಬ್ಬೊಬ್ಬರ ಕೈಗೂ ಒಂದೊಂದು ಅಂಚಿನ ಬುಡವನ್ನು ಕಾಗದದಲ್ಲಿ ಸುತ್ತಿ ಕೊಟ್ಟು, ಅಕ್ಕನಿಗೆ ಹೇಳಬೇಡಿ ಎಂದು ಕಳಿಸಿದಳು.

ಎರಡು ಚಳಿ ಕಳೆದ ಮೇಲೆ ದೊಡ್ಡಮ್ಮ ತನ್ನ ಪೊದೆಯನ್ನು ಅಗೆದು, ಪಾಲು ಮಾಡಿ, ಒಂದು ತುಂಡನ್ನು ಹಳೆಯ ಟಬ್ಬಿನಲ್ಲಿಟ್ಟು ಬಸ್ಸಿನಲ್ಲಿ ತಂದಳು. ತಗೋ, ಇದು ನಡುವಿನದು, ಆಸೆ ಪಟ್ಟಿದ್ದೆಯಲ್ಲ ಎಂದು ತಂಗಿಯ ಕೈಗಿಟ್ಟಳು. ಚಿಕ್ಕಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡಳು. ಎಷ್ಟು ಆಳ ತೋಡಬೇಕು, ಎಷ್ಟು ನೀರು ಬಿಡಬೇಕು, ಯಾವಾಗ ಕತ್ತರಿಸಬೇಕು ಎಂದು ದೊಡ್ಡಮ್ಮ ಬೆರಳು ಆಡಿಸಿ ಆಡಿಸಿ ಹೇಳಿಕೊಟ್ಟಳು. ಚಿಕ್ಕಮ್ಮ ಹೊಸದಾಗಿ ಕೇಳುವವಳ ಹಾಗೆ ಒಂದೊಂದಕ್ಕೂ ಹ್ಞೂಂ ಹ್ಞೂಂ ಎಂದಳು. ಗೇಣು ಎಂದರೆ ನಿನ್ನ ಗೇಣೋ ನನ್ನ ಗೇಣೋ ಅಕ್ಕ ಎಂದು ನಡುವೆ ಒಂದು ಸಂದೇಹವನ್ನೂ ಕೇಳಿದಳು. ಮೆಟ್ಟಿಲ ಮೇಲೆ ಕೂತಿದ್ದ ಚಿಕ್ಕಪ್ಪ ಎದ್ದು ಒಳಗೆ ಹೋಗಿ ಬಹಳ ಹೊತ್ತು ಕೆಮ್ಮಿದ.

ಅದನ್ನು ಸಾಲಿನ ಕೊನೆಯಲ್ಲಿ ನೆಟ್ಟರು. ಈಗ ದೊಡ್ಡಮ್ಮ ರಜೆ ಸಿಕ್ಕಿದಾಗಲೆಲ್ಲ ತಪಾಸಣೆಗೆ ಬರುತ್ತಾಳೆ. ಬೆನ್ನ ಹಿಂದೆ ಕೈ ಕಟ್ಟಿಕೊಂಡು, ನಿಂತ ಬಸ್ಸುಗಳ ಮುಂದೆ ನಡೆಯುವ ಹಾಗೆ ಸಾಲಿನ ಉದ್ದಕ್ಕೂ ನಡೆಯುತ್ತಾಳೆ. ಕಳೆದ ಸಲ ಬಂದಾಗ ಬೆಳ್ಳಿ ತೆನೆಗಳೆಲ್ಲ ಬಿಸಿಲಿಗೆ ಹೊಳೆಯುತ್ತಿದ್ದವು. ಅವಳು ಸಾಲಿನ ಮಧ್ಯೆ ಒಂದು ಪೊದೆಯ ಮುಂದೆ ನಿಂತು, ತೆನೆಯನ್ನು ಮಗುವಿನ ಕೆನ್ನೆಯಂತೆ ಸವರಿದಳು.

"ಉಳಿದಿದ್ದೆಲ್ಲ ಸಪ್ಪಗಿದೆ. ಇದನ್ನ ನೋಡು, ಅಮ್ಮನ ಕೈ ಮುಟ್ಟಿದ್ದು ಅಂತ ಹೇಳೋದೇ ಬೇಡ."

ಅವಳು ತಂದುಕೊಟ್ಟದ್ದು ಅಲ್ಲಿಂದ ನಾಲ್ಕು ಪೊದೆ ಆಚೆಗಿತ್ತು. ಚಿಕ್ಕಮ್ಮ ಪಕ್ಕಕ್ಕೆ ಬಂದು, ಸೆರಗು ಸರಿಮಾಡಿಕೊಂಡು, ಅಕ್ಕ ತೋರಿಸಿದ ಪೊದೆಯನ್ನೇ ಭಕ್ತಿಯಿಂದ ನೋಡಿದಳು.

"ಹೌದಕ್ಕ," ಎಂದಳು. "ದೂರದಿಂದ್ಲೇ ಗೊತ್ತಾಗತ್ತೆ."